ಬಿಸಿಯಾದ ನಕ್ಷತ್ರ ತಣ್ಣಗಾಗುವ ಗೆರೆ ಹಾಕುವುದು ಹೇಗೆ?

ಹೋದ ವರ್ಷ ಧಾರವಾಡದ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ಹುಡುಗಿ ಥರ್ಮಾಕೋಲ್ ಗುಂಡಿಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ ನ್ಯೂಟ್ರಾನ್ ನಕ್ಷತ್ರ ತಣ್ಣಗಾಗುವ ಗ್ರಾಫ್ ಅಂಟಿಸಿದ್ದಳು. ಚುಕ್ಕೆಗಳೆಲ್ಲ ಹಾಳೆಯ ಬಲ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಉಳಿದ ಹಾಳೆ ಪೂರಾ ಖಾಲಿ.

"ಯಾಕವ್ವಾ, ಹಿಂಗ್ಯಾಕ ಬಂತು?" ಅಂದೆ.

"ಗೊತ್ತಿಲ್ರಿ ಸರ್, ಹಾಕಿದ್ ಮ್ಯಾಲ ಹಂಗ ಬಂತ್ರಿ."

ಪಾಪ, ಅವಳೊಬ್ಬಳ ತಪ್ಪಲ್ಲ. ಇದೇ ಎಡವಟ್ಟನ್ನು ಎಂ.ಎಸ್ಸಿ. ಹುಡುಗರೂ ಮಾಡುವುದನ್ನು ನೋಡಿದ್ದೇನೆ. ಈ ವರ್ಷದ ಪ್ರದರ್ಶನಕ್ಕೆ ತಯಾರಿ ನಡೆಸಿರುವವರು ಇದನ್ನೊಮ್ಮೆ ಓದಿಕೊಳ್ಳಿ.

1. ಏನು ಬಿಸಿಯಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ನ್ಯೂಟ್ರಾನ್ ನಕ್ಷತ್ರ ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಗುಂಡು. ಅದರ ಅಡ್ಡಳತೆ 20–25 ಕಿಲೋಮೀಟರ್. ನಮ್ಮ ಚಿಗರಿ ಬಸ್ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡುವಷ್ಟು ದೂರ. ಅಷ್ಟರಲ್ಲೇ ಸೂರ್ಯನ ಒಂದೂವರೆ ಪಟ್ಟು ತೂಕ ಅಡಗಿರುತ್ತದೆ. ಹೊರಗೆ ಸುಮಾರು ಒಂದು ಕಿಲೋಮೀಟರ್ ದಪ್ಪದ ಗಟ್ಟಿ ಚಿಪ್ಪು, ಒಳಗೆ ತಿರುಳು. ಪಕ್ಕದಲ್ಲಿ ಒಂದು ಜೊತೆಗಾರ ನಕ್ಷತ್ರ ಇದ್ದರೆ ಅದರ ಅನಿಲ ಇದರ ಮೇಲೆ ಸುರಿಯುತ್ತದೆ. ಕೆಲವು ತಿಂಗಳು, ಕೆಲವು ಸಲ ವರ್ಷಗಟ್ಟಲೆ ಸುರಿದು, ಆಮೇಲೆ ನಿಂತುಬಿಡುತ್ತದೆ.

ಪೋಸ್ಟರ್‌ಗಳಲ್ಲಿ ಸಾಮಾನ್ಯವಾಗಿ "ಬಿದ್ದ ರಭಸಕ್ಕೆ ನಕ್ಷತ್ರ ಕಾಯುತ್ತದೆ" ಅಂತ ಬರೆದಿರುತ್ತಾರೆ. ಅರ್ಧ ಸರಿ. ಬೀಳುವ ಒಂದೊಂದು ಪ್ರೋಟಾನಿಗೆ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಅಳತೆ) ಶಕ್ತಿ ಹೊರಬರುತ್ತದೆ. ಆದರೆ ಅದು ಮೇಲ್ಮೈಯಿಂದಲೇ ಎಕ್ಸ್-ರೇ ಆಗಿ ಹಾರಿಹೋಗುತ್ತದೆ. ಚಿಪ್ಪನ್ನು ಕಾಯಿಸುವುದು ಬೇರೆ. ಹೊಸ ಅನಿಲ ಬಿದ್ದ ಹಾಗೆ, ಮೊದಲೇ ಬಿದ್ದು ಉರಿದುಹೋದ ಅನಿಲದ ಬೂದಿ ಕೆಳಕ್ಕೆ ಒತ್ತಿಸಿಕೊಳ್ಳುತ್ತದೆ. ಆ ಒತ್ತಡಕ್ಕೆ ಅಣುಬೀಜಗಳು (ನ್ಯೂಕ್ಲಿಯಸ್‌ಗಳು) ಎಲೆಕ್ಟ್ರಾನ್ ನುಂಗುತ್ತವೆ, ನ್ಯೂಟ್ರಾನ್ ಉಗುಳುತ್ತವೆ, ಇನ್ನೂ ಆಳದಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದರಿಂದ ಸಿಗುವುದು ಕಣಕ್ಕೆ ಬರೀ 10–20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ದಿನಕ್ಕೆ 200 ರೂಪಾಯಿ ದುಡಿದು ಪೇಟೆಯಲ್ಲೇ ಖರ್ಚು ಮಾಡಿ, ಮನೆಗೆ ಒಂದೆರಡು ರೂಪಾಯಿ ತಂದ ಲೆಕ್ಕ. ಆ ಒಂದೆರಡು ರೂಪಾಯಿಯೇ ನಮ್ಮ ಗ್ರಾಫಿನ ಬಂಡವಾಳ.

2. ನಕ್ಷತ್ರ ಆರಿಸಿಕೊಳ್ಳಿ

ನಾನು ಹೇಳುವುದಾದರೆ ಕೆಎಸ್ 1731-260. ಬೇರೆ ಯಾವುದನ್ನೂ ಮೊದಲ ಸಲಕ್ಕೆ ತಗೋಬೇಡಿ. ಹನ್ನೆರಡೂವರೆ ವರ್ಷ ಅನಿಲ ಸುರಿಸಿಕೊಂಡು 2001ರಲ್ಲಿ ಸುಮ್ಮನಾಗಿದೆ. ಚುಕ್ಕೆಗಳೂ ಜಾಸ್ತಿ ಇಲ್ಲ, ಕೈಯಲ್ಲೇ ಹಾಕಬಹುದು.

3. ಸೊನ್ನೆ ದಿನ: ಎಲ್ಲರೂ ಎಡವುವುದು ಇಲ್ಲೇ

ಗಡಿಬಿಡಿ ಮಾಡಬೇಡಿ. ಎಣಿಕೆ ಶುರುವಾಗಬೇಕಾದ್ದು ಅನಿಲ ಸುರಿಯುವುದು *ನಿಂತ* ದಿನದಿಂದ. ನಕ್ಷತ್ರ ಬೆಳಗಲು ಶುರುವಾದ ದಿನದಿಂದ ಅಲ್ಲ, ದೂರದರ್ಶಕ ಮೊದಲ ಸಲ ನೋಡಿದ ದಿನದಿಂದಲೂ ಅಲ್ಲ.

ಆ ಹುಡುಗಿ ಹಾಕಿದ್ದೂ ಇದೇ ನಕ್ಷತ್ರ, ಆದರೆ ಸುರಿಯುವುದು ಶುರುವಾದ 1988ರಿಂದ ಎಣಿಸಿದ್ದಳು. ನಕ್ಷತ್ರ ತಣ್ಣಗಾಗಲು ಶುರು ಮಾಡುವ ಹೊತ್ತಿಗೇ ಅವಳ ಲೆಕ್ಕದಲ್ಲಿ 4,500 ದಿನ ಆಗಿಹೋಗಿತ್ತು. ಚುಕ್ಕೆಗಳು ಮೂಲೆ ಸೇರದೆ ಇನ್ನೇನು ಮಾಡಿಯಾವು? ಇನ್ನು ಕೆಲವರು ಮೊದಲ ಅಳತೆಯ ದಿನವನ್ನೇ ಸೊನ್ನೆ ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಮುಂದೆ ನಾವು ಬಳಸುವ ಲಾಗ್ ಅಳತೆಯಲ್ಲಿ (ಸಮಾನ ಹೆಜ್ಜೆಗೆ ಹತ್ತು ಪಟ್ಟು ಏರುವ ಅಳತೆ) ಸೊನ್ನೆಗೆ ಜಾಗವೇ ಇಲ್ಲ. ಅತಿ ಮುಖ್ಯವಾದ ಮೊದಲ ಚುಕ್ಕೆಯೇ ಹಾಳೆಯಿಂದ ಹೊರಗೆ ಬೀಳುತ್ತದೆ.

ಕೆಎಸ್ 1731-260 ಸುಮ್ಮನಾದದ್ದು 2001ರ ಜನವರಿ ಕೊನೆಗೆ, ಇಲ್ಲವೇ ಫೆಬ್ರುವರಿ ಮೊದಲ ವಾರದಲ್ಲಿ. ಎಕ್ಸ್-ರೇ ನೋಡುವ ಚಂದ್ರಾ ದೂರದರ್ಶಕ ಆಮೇಲೆ ಮೊದಲು ನೋಡಿದ್ದು ಮಾರ್ಚ್ ಕೊನೆಗೆ. ಅಂದರೆ ಮೊದಲ ಚುಕ್ಕೆ ಸುಮಾರು 60ನೇ ದಿನ. ನಿಂತ ದಿನದಲ್ಲಿ ನಾಲ್ಕೈದು ದಿನ ಆಚೀಚೆ ಆದರೆ ಎಡಗಡೆ ಚುಕ್ಕೆ ಸ್ವಲ್ಪ ಜರುಗುತ್ತದೆ. ಬಲಗಡೆ ಏನೂ ಗೊತ್ತಾಗುವುದಿಲ್ಲ.

4. ಲಾಗ್ ಹಾಳೆ

ದಿನಗಳನ್ನು ಸಾದಾ ಅಳತೆಯಲ್ಲಿ ಹಾಕಿದರೆ ಮೊದಲ ವರ್ಷದ ಇಳಿತವೆಲ್ಲ ಒಂದೇ ಬೆರಳಗಲಕ್ಕೆ ಕುಗ್ಗುತ್ತದೆ. ಹಾಗಾಗಿ 10, 100, 1,000, 10,000 ಇವುಗಳ ನಡುವೆ ಸಮಾನ ಅಂತರ ಬಿಡಬೇಕು. ಸುಭಾಸ ರಸ್ತೆಯ ಅಂಗಡಿಗಳಲ್ಲಿ ಸೆಮಿ-ಲಾಗ್ ಶೀಟ್ (ಒಂದು ಕಡೆ ಲಾಗ್ ಅಳತೆ, ಇನ್ನೊಂದು ಕಡೆ ಸಾದಾ ಅಳತೆ) ಕೇಳಿ. ಸಿಗದಿದ್ದರೆ ಸಾದಾ ಗ್ರಾಫ್ ಶೀಟಿನ ಮೇಲೆ ಕೆಳಗಿನ ಅಂತರಗಳಲ್ಲಿ ಗುರುತು ಹಾಕಿಕೊಂಡರೆ ಸಾಕು. ಗೆರೆ ಮಸುಕಾಗಿ ಅಚ್ಚಾದ ತೆಳು ಶೀಟು ಮಾತ್ರ ಬೇಡ. ಎರಡು ಸಲ ರಬ್ಬರ್ ಆಡಿಸಿದರೆ ಹರಿಯುತ್ತದೆ.

ಪ್ರತಿ ಹತ್ತು ಪಟ್ಟು ಏರಿಕೆಗೆ (10ರಿಂದ 100ಕ್ಕೆ ಅನ್ನುವ ಹಾಗೆ) 5 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. 10 ಇರುವ ಕಡೆಯಿಂದ 20 ಬರುವುದು 1.5 ಸೆಂ.ಮೀ.ಗೆ, 30 ಬರುವುದು 2.4ಕ್ಕೆ, 50 ಬರುವುದು 3.5ಕ್ಕೆ, 60 ಬರುವುದು 3.9ಕ್ಕೆ. ಮುಂದಿನ 5 ಸೆಂ.ಮೀ.ನಲ್ಲಿ 200, 300, 500ಕ್ಕೂ ಇದೇ ಅಂತರ. 3,000ನೇ ದಿನ ಬೇಕಾ? 5 + 5 + 2.4, ಒಟ್ಟು 12.4 ಸೆಂ.ಮೀ. ಇಷ್ಟು ಬಾಯಿಪಾಠ ಇದ್ದರೆ ಕ್ಯಾಲ್ಕ್ಯುಲೇಟರ್ ಬೇಡ. ಕಂಪ್ಯೂಟರಿನಲ್ಲಿ ಹಾಕುವವರು ಹಾಕಲಿ. ಮೊದಲ ಸಲ ಕೈಯಲ್ಲೇ ಹಾಕಬೇಕು ಅನ್ನುವುದು ನನ್ನ ಹಟ.

5. ಉಷ್ಣತೆ

ಸಂಶೋಧನಾ ಲೇಖನಗಳಲ್ಲಿ ಇದನ್ನು ಎಲೆಕ್ಟ್ರಾನ್ ವೋಲ್ಟಿನಲ್ಲಿ ಕೊಟ್ಟಿರುತ್ತಾರೆ. 11,600ರಿಂದ ಗುಣಿಸಿದರೆ ಕೆಲ್ವಿನ್. ಮೊದಲ ಚುಕ್ಕೆ 103, ಅಂದರೆ ಸುಮಾರು 12 ಲಕ್ಷ ಕೆಲ್ವಿನ್. ಎಂಟು ವರ್ಷದ ನಂತರ 63, ಅಂದರೆ ಏಳು ಲಕ್ಷದ ಮೇಲೆ ಸ್ವಲ್ಪ. ಇವು ನಮಗೆ *ಕಾಣುವ* ಉಷ್ಣತೆ. ಗುರುತ್ವ ಬೆಳಕನ್ನು ಹಿಂದಕ್ಕೆ ಎಳೆಯುವುದರಿಂದ ನಕ್ಷತ್ರದ ಮೈಮೇಲೆ ನಿಜಕ್ಕೂ ಇರುವುದು ಇದರ ಸುಮಾರು 1.3 ಪಟ್ಟು.

ಅಂಕಿ ತೆಗೆದುಕೊಳ್ಳುವಾಗ ಯಾವ ಮಾದರಿಯಿಂದ ತೆಗೆದದ್ದು ಅಂತ ನೋಡಿ. ನಕ್ಷತ್ರವನ್ನು ಕೃಷ್ಣಕಾಯ (ಬಿದ್ದ ಬೆಳಕನ್ನೆಲ್ಲ ನುಂಗುವ ಆದರ್ಶ ಕರಿ ವಸ್ತು) ಅಂತ ಹಿಡಿದು ತೆಗೆದ ಉಷ್ಣತೆ ಬೇಡ. ಅದು ಜಾಸ್ತಿ ಬರುತ್ತದೆ, ನಕ್ಷತ್ರವೂ ತೀರಾ ಸಣ್ಣದಾಗಿ ಕಾಣುತ್ತದೆ. ನಕ್ಷತ್ರದ ಮೈಮೇಲೆ ಹೈಡ್ರೋಜನ್ ಪದರ ಇದೆ ಅಂತ ಹಿಡಿದ ಮಾದರಿಯಿಂದ ಬಂದ ಅಂಕಿಯನ್ನೇ ಹಾಕಿ. ಎರಡನ್ನೂ ಒಂದೇ ಗೆರೆಯಲ್ಲಿ ಬೆರೆಸಿದರೆ ಹಾಳೆ ಹರಿದುಹಾಕಿ ಮೊದಲಿಂದ ಶುರು ಮಾಡಿ.

ಮೈ ಹೇಗಿದೆ ಅನ್ನುವುದರ ಮೇಲೆ ಅಳತೆ ಬದಲಾಗುತ್ತದೆ ಅಂತ ತೋರಿಸಲು ನಾನು ಒಂದು ಅಗ್ಗದ ಉಷ್ಣತೆ ಗನ್ ತಂದಿದ್ದೆ. ತಳತಳ ಹೊಳೆಯುವ ಸ್ಟೀಲ್ ಪಾತ್ರೆಗೆ ಹಿಡಿದರೆ ಒಳಗೆ ನೀರು ಕುದಿಯುತ್ತಿದ್ದರೂ 40ರ ಹತ್ತಿರ ತೋರಿಸುತ್ತದೆ. ಮಸಿ ಹಿಡಿದ ಪಾತ್ರೆಗೆ ಹಿಡಿದರೆ ಸರಿ ತೋರಿಸುತ್ತದೆ. ಕೊರೊನಾ ಕಾಲದ ಜ್ವರದ ಗನ್ ಮಾತ್ರ ತರಬೇಡಿ. ಅದು ಮೈ ಬಿಸಿಯ ಮೇಲೆ ಹೋದ ಕೂಡಲೇ ಕೈ ಎತ್ತುತ್ತದೆ.

6. ಚುಕ್ಕೆ ಸೇರಿಸಿ

ಕೈಯಿಂದ ನಯವಾಗಿ. ಸ್ಕೇಲ್ ಇಟ್ಟು ಚುಕ್ಕೆಯಿಂದ ಚುಕ್ಕೆಗೆ ಎಳೆಯಬೇಡಿ.

7. ಗೆರೆ ಓದುವುದು

ಹುಬ್ಬಳ್ಳಿಯಲ್ಲಿ ಕಟ್ಟಿಗೆ ಹಾಕುವ ಹಳೆಯ ಬೇಕರಿ ಭಟ್ಟಿ ನೋಡಿದ್ದೀರಾ? ಕೆಂಡ ಎಳೆದ ಮೇಲೂ ರಾತ್ರಿಯಿಡೀ ಬಿಸಿ ಇರುತ್ತದೆ. ಒಳಗೋಡೆಯ ಮೇಲ್ಪದರ ಬೇಗ ಆರುತ್ತದೆ. ಆಮೇಲೆ ಕೈಗೆ ತಾಗುವ ಬಿಸಿ ಇಟ್ಟಿಗೆಯ ಆಳದಿಂದ ಬಂದದ್ದು. ಒಂದೇ ತಾಸು ಉರಿಸಿ ಬಿಟ್ಟರೆ ಆಳಕ್ಕೆ ಬಿಸಿ ಇಳಿದಿರುವುದಿಲ್ಲ, ಬೇಗ ತಣ್ಣಗಾಗುತ್ತದೆ.

ಗೆರೆಯೂ ಹಾಗೇ. ಎಡಗಡೆ, ಮೊದಲ ವಾರಗಳ ಚುಕ್ಕೆಗಳು ಚಿಪ್ಪಿನ ಮೇಲ್ಪದರದ ಸುದ್ದಿ ಹೇಳುತ್ತವೆ. ನೂರಾರು ದಿನದ ನಂತರದವು ಆಳದ ಸುದ್ದಿ. ದಪ್ಪ ಎರಡು ಪಟ್ಟಾದರೆ ಬಿಸಿ ದಾಟಲು ನಾಲ್ಕು ಪಟ್ಟು ಕಾಲ ಬೇಕು. ಲಾಗ್ ಹಾಳೆ ಬೇಕು ಅಂತ ಹಟ ಹಿಡಿದದ್ದು ಇದಕ್ಕೇ. ಬಲ ತುದಿಯಲ್ಲಿ ಗೆರೆ ಮಟ್ಟಸವಾದರೆ ಚಿಪ್ಪು ತಿರುಳಿನ ಉಷ್ಣತೆಗೆ ಬಂದು ನಿಂತಿದೆ ಅಂತ ಅರ್ಥ. ಚಿಪ್ಪಿನ ಬಿಸಿ ಬಹುಪಾಲು ಹೊರಗೆ ಹೋಗುವುದಿಲ್ಲ, ತಿರುಳಿಗೇ ಇಳಿಯುತ್ತದೆ. ತಿರುಳು ಅದನ್ನು ನ್ಯೂಟ್ರಿನೋಗಳ (ಯಾವುದಕ್ಕೂ ಸಿಕ್ಕದೆ ಹಾರಿಹೋಗುವ ಪುಟ್ಟ ಕಣಗಳು) ಮೂಲಕ ಕಳೆದುಕೊಳ್ಳುತ್ತದೆ.

ಈಗ ಇಳಿಜಾರು ನೋಡಿ. ಚಿಪ್ಪಿನಲ್ಲಿ ಅಣುಬೀಜಗಳು ಕಸದ ಗುಡ್ಡೆಯಂತೆ ಹೇಗೆಂದರೆ ಹಾಗೆ ಬಿದ್ದಿದ್ದರೆ ಬಿಸಿ ದಾಟಲು ಇನ್ನೂ ತುಂಬಾ ವರ್ಷ ಹಿಡಿಯುತ್ತಿತ್ತು. ಕೆಎಸ್ 1731-260 ಕೆಲವೇ ವರ್ಷಗಳಲ್ಲಿ ಇಳಿದಿದೆ. ಅಂದರೆ ಅಲ್ಲಿನ ಜೋಡಣೆ ಕಲ್ಲುಸಕ್ಕರೆಯ ಹರಳಿನಂತೆ ಅಚ್ಚುಕಟ್ಟು. ಅಷ್ಟು ದೂರದ ನಕ್ಷತ್ರದ ಹೊಟ್ಟೆಯೊಳಗಿನ ಸುದ್ದಿ ಪೆನ್ಸಿಲ್ ಗೆರೆಯಲ್ಲಿ ಸಿಕ್ಕಿತು, ಅಲ್ವಾ?

ಒಂದು ಗಂಟು ಉಳಿದಿದೆ. ಎಷ್ಟೋ ನಕ್ಷತ್ರಗಳಲ್ಲಿ ಎಡಗಡೆ ಚುಕ್ಕೆಗಳು ಲೆಕ್ಕಕ್ಕಿಂತ ಮೇಲೆ ಕೂರುತ್ತವೆ. ಮೇಲ್ಪದರದಲ್ಲಿ ಇನ್ನೇನೋ ಬಿಸಿ ಕೊಡುತ್ತಿದೆ. ಅದೇನು ಅಂತ ಜಗತ್ತಿನಲ್ಲಿ ಯಾರಿಗೂ ಇನ್ನೂ ಗೊತ್ತಾಗಿಲ್ಲ. ತೀರ್ಪುಗಾರರು ಕೇಳಿದರೆ ಹಾಗೇ ಹೇಳಿ. ಸುಮ್ನೆ ಏನೋ ಹೇಳಿ ಅಂಕ ಕಳೆದುಕೊಳ್ಳಬೇಡಿ.

8. ಎರಡನೇ ನಕ್ಷತ್ರ ಹಾಕುವವರಿಗೆ

ಎಂಎಕ್ಸ್‌ಬಿ 1659-29 ತೆಗೆದುಕೊಂಡರೆ ಜೋಪಾನ. ಅದು 2001ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಸುಮ್ಮನಾಗಿದೆ. ಎರಡಕ್ಕೂ ಬೇರೆ ಬೇರೆ ಸೊನ್ನೆ ದಿನ, ಬೇರೆ ಬಣ್ಣದ ಪೆನ್ಸಿಲ್. ಇಎಕ್ಸ್‌ಒ 0748-676 ಸುಮಾರು 24 ವರ್ಷ ಸುರಿಸಿಕೊಂಡು 2008ರಲ್ಲಿ ನಿಂತಿತ್ತು. 2024ರಲ್ಲಿ ಮತ್ತೆ ಶುರು ಮಾಡಿಕೊಂಡಿತು. ಅದರ ಹಳೆಯ ಗೆರೆಯನ್ನು 2024ಕ್ಕೇ ನಿಲ್ಲಿಸಿ. ಮುಂದಿನದಕ್ಕೆ ಹೊಸ ಹಾಳೆ ತಗೊಳ್ಳಿ.