ಶಿವರಾತ್ರಿ ಸೂಟಿಗೆ ಲಕ್ಕುಂಡಿ ನೋಡೂದು ಹೆಂಗ?

ಶಿವರಾತ್ರಿ ಬಂತಂದ್ರ ಹುಬ್ಬಳ್ಳಿ-ಧಾರವಾಡ ಮಂದಿಗೆ ಗದಗ ಹತ್ರದ ಹಳೇ ಗುಡಿಗಳ ಊರು ಲಕ್ಕುಂಡಿ ನೆನಪಾಗ್ತದ. ಹೋಗ್ತಾರ, ಪಾಳಿ ಹಚ್ಚಿ ನಿಂದರ್ತಾರ, ಲಿಂಗ ನೋಡಿ ಕೈ ಮುಗಿದು ಒಂದು ಸೆಲ್ಫಿ ಹೊಡ್ಕೊಂಡು ಹೊರಳಿ ಬಸ್ ಹತ್ತತಾರ, ಊರು ನೋಡಿದ್ರೇನು ಅಂತ ಕೇಳಿದ್ರ ‘ಭಾಳ ಗದ್ಲ ಇತ್ರಿ’ ಅಂತಾರ. ಮೊದಲನೆ ಸಲ ನಾನೂ ಹಂಗ ಮಾಡಿದ್ದೆ. ಗದ್ಲ ಇರೂ ದಿನಾನೂ ಇಡೀ ಊರು ಆರಾಮ ನೋಡಬಹುದು, ಮಂದಿ ಎತ್ಲಾಗ ಹೊಂಟಾರ ಅನ್ನೂದು ನೋಡ್ಕೊಂಡು ನೀವು ಇನ್ನೊಂದು ಕಡೆ ಹೊಂಡಬೇಕು, ಅಷ್ಟ.

ಮೊದಲು ಹೊರಡೂ ಮಾತು. ಹುಬ್ಬಳ್ಳಿಯಿಂದ ಗದಗ ಹತ್ರ ಹತ್ರ 60 ಕಿಲೋಮೀಟರ್, ಗದಗ ದಾಟಿ ಕೊಪ್ಪಳ ರಸ್ತೆ ಹಿಡಿದ್ರ ಇನ್ನೊಂದು 12 ಕಿಲೋಮೀಟರ್. ನಸುಕಿನ್ಯಾಗ ಬಿಡ್ರಿ. ಚೀಲದಾಗ ನೀರು, ಖರ್ಜೂರ, ಶೇಂಗಾ ಉಂಡಿ, ಡಬ್ಬಿ ತುಂಬ ಸಾಬೂದಾನಿ ಕಿಚಡಿ. ಆಮ್ಯಾಲೆ ದಪ್ಪನ ಸಾಕ್ಸ್ ಒಂದು ಜೋಡಿ ಇರ್ಲಿ, ನಗಬ್ಯಾಡ್ರಿ. ಚಪ್ಪಲಿ ಬಿಟ್ಟು ಮಧ್ಯಾಹ್ನ ಹಾಸುಗಲ್ಲಿನ ಮ್ಯಾಲೆ ನಾನು ಕುಣಿದದ್ದು ನಮ್ಮ ಮನ್ಯಾಗ ಇನ್ನೂ ಹೇಳಿ ನಗ್ತಾರ. ಅವತ್ತ ಚಪ್ಪಲಿನೂ ಅದಲಿಬದಲಿ ಆಗಿತ್ತು, ಎರಡೂ ಎಡಗಾಲಿನವು ಉಳಿದಿದ್ವು!

ಊರಾಗ ಇಳಿದ ಕೂಡ್ಲೆ ಕಾಶಿ ವಿಶ್ವನಾಥ ಗುಡಿಗೆ ನಡೀರಿ, ದರ್ಶನ ಮೊದಲ ಮುಗಿಸಿಬಿಡ್ರಿ, ಬಿಸಿಲು ಏರಿದಂಗ ಪಾಳಿನೂ ಬೆಳೀತದ. ಹೊರಗ ಬಂದ ಮ್ಯಾಲೆ ಹೋಗಬ್ಯಾಡ್ರಿ, ಖರೇ ಕೆಲಸ ಶುರು ಆಗೂದು ಆಗ. ಮಂದಿ ಎಲ್ಲಾ ಒಳಗ ಹೋಗಾಕ ಬಡದಾಡ್ತಿರ್ತಾರ, ಹೊರಗಿನ ಗ್ವಾಡಿ ಮುಂದ ಹುಳಾನೂ ಇರೂದಿಲ್ಲ. ಇದು ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ಒಂದಲ್ಲ ಎರಡು, ಪೂರ್ವಕ್ಕ ಮುಖ ಮಾಡಿದ ಶಿವನ ಗುಡಿ, ಅದರ ಎದುರಿಗೆ ಪಶ್ಚಿಮಕ್ಕ ಮುಖ ಮಾಡಿದ ಸಣ್ಣ ಸೂರ್ಯನ ಗುಡಿ, ಇಬ್ಬರೂ ಎದುರಾಬದುರು ಕುಂತು ಮಾತಾಡಿದಂಗ.

ಬಾಗಿಲ ಚೌಕಟ್ಟಿನ ಹತ್ರ ಐದು ನಿಮಿಷ ನಿಂದರ್ರಿ. ಒಂದರ ಪಕ್ಕ ಒಂದು ಪಟ್ಟಿ, ಒಂದರಾಗ ಬಳ್ಳಿ, ಒಂದರಾಗ ಹೆಬ್ಬಟ್ಟಿನಷ್ಟ ಮನಷ್ಯಾರು, ಆ ಸಂದಿನ್ಯಾಗೂ ಉಳಿ ಹೋಗಿ ಬಂದೈತಿ. ಬಾದಾಮಿ ಕಡೆ ಮರಳುಗಲ್ಲು, ಇಲ್ಲಿದು ಹಸರು ಛಾಯಾದ ಮೆತ್ತನ ಕಲ್ಲು, ಅದಕ್ಕ ಇಷ್ಟು ನಾಜೂಕು ಕೆತ್ತಾಕ ಸಾಧ್ಯ ಆಗೇತಿ. ನನ್ನೇಶ್ವರ ಗುಡಿನೂ ಅಲ್ಲೇ ಎದುರಿಗೆ ಐತಿ. ಕಂಬಗಳ ಮ್ಯಾಲಿನ ಗೆರಿ ನೋಡ್ರಿ, ಬಳಿ ಪೇರಿಸಿಟ್ಟಂಗ ಒಂದರ ಮ್ಯಾಲೊಂದು, ಕಲ್ಲನ್ನ ತಿರುಗಣಿಗೆ ಹಾಕಿ ತಿರುವಿದ್ದದು. ನೋಡ್ರಿ ಅಂದೆ, ಮುಟ್ರಿ ಅನ್ನಲಿಲ್ಲ. ಹಬ್ಬದ ದಿನ ಭಕ್ತಿ ಉಕ್ಕಿ ಶಿಲ್ಪದ ಮಾರಿಗೆಲ್ಲ ಅರಿಷಿಣ ಕುಂಕುಮ ಬಳಿಯೋರು, ಮೂಲ್ಯಾಗ ಕರ್ಪೂರ ಹಚ್ಚೋರು ಇರ್ತಾರ, ಅವರ ಸಂಗಾಟ ಸೇರಬ್ಯಾಡ್ರಿ.

ನಡು ಮಧ್ಯಾಹ್ನ ಬ್ರಹ್ಮ ಜಿನಾಲಯಕ್ಕ ಹೋಗ್ರಿ. ಶಿವರಾತ್ರಿ ದಿನ ಬಸದಿಗೆ ಬರೋರು ಕಡಿಮಿ, ಒಳಗ ತಂಪು, ಪಾರಿವಾಳದ ಸಪ್ಪಳ ಬಿಟ್ರ ಏನೂ ಇಲ್ಲ, ನನಗಂತೂ ಊರಿನ್ಯಾಗ ಇದ ಎಲ್ಲಾಕ್ಕಿಂತ ಸೇರ್ತದ. 1007ರಾಗ ಕಟ್ಟಿಸಿದಾಕಿ ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಎಲ್ಲೆ ಕಳದು ಹೋಗ್ತದೋ ಅಂತ ಸಾವಿರ ಪ್ರತಿ ಬರೆಸಿ ಹಂಚಿದಾಕಿ, ರನ್ನನಿಗೆ ಆಸರಾದಾಕಿ. ಪ್ರಿಂಟಿಂಗ್ ಪ್ರೆಸ್ ಇಲ್ಲದ ಕಾಲ, ತಾಳೆಗರಿ, ಒಂದೊಂದು ಅಕ್ಷರಾನೂ ಕಬ್ಬಿಣದ ಲೇಖನಿಯಿಂದ ಕೊರೀಬೇಕು, ಅಂಥಾದ್ದು ಸಾವಿರ ಪ್ರತಿ! ಕೂಡಾಕ ಜಾಗ ನೋಡಿ ಅಲ್ಲೆ ಕುಂತು ಮಕ್ಕಳಿಗೆ ಈ ಕತಿ ಹೇಳ್ರಿ. ನಾಕು ಮುಖದ ಬ್ರಹ್ಮನ ಮೂರ್ತಿನೂ ಇಲ್ಲೇ ಐತಿ, ಹುಡುಕೂ ಕೆಲಸ ಅವಕ್ಕ ಹಚ್ರಿ.

ಬಿಸಿಲು ಇಳದ ಮ್ಯಾಲೆ ಬಾವಿ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರಿನ ಮಾತು, ಎಣಿಸಾಕ ಹೋಗಬ್ಯಾಡ್ರಿ, ಮಾಣಿಕೇಶ್ವರ ಗುಡಿ ಬಾಜೂಕಿನ ಮುಸುಕಿನ ಬಾವಿ ಒಂದನ್ನ ಸಾವಕಾಶ ನೋಡ್ರಿ ಸಾಕು. ಮೆಟ್ಟಲಾ ಇಳಕೋತ ಹೋದಂಗ ಪುಟ್ಟ ಪುಟ್ಟ ಗುಡಿಗೂಡು, ಇಳದಷ್ಟೂ ಹೊರಗಿನ ಸದ್ದು ಕಡಿಮಿ ಆಗ್ತದ. ಸಣ್ಣ ಹುಡುಗರ ಕೈ ಮಾತ್ರ ಬಿಡಬ್ಯಾಡ್ರಿ. ಹಿಂದ ಇದು ಲೊಕ್ಕಿಗುಂಡಿ, ಇಲ್ಲಿ ನಾಣ್ಯ ಅಚ್ಚು ಹಾಕೂ ಟಂಕಸಾಲಿ ಇತ್ತು, ಲೊಕ್ಕಿ ಗದ್ಯಾಣ ಅಂತ ನಾಣ್ಯಾನ ಇತ್ತು. ಹೊಯ್ಸಳ ಇಮ್ಮಡಿ ವೀರಬಲ್ಲಾಳನೂ ಇಲ್ಲಿ ಬೀಡು ಬಿಟ್ಟಿದ್ದ. ಟೈಮ್ ಇದ್ರ ಮ್ಯೂಸಿಯಂ ಒಂದು ಸುತ್ತು ಹಾಕ್ರಿ.

ಸಂಜಿ ಮುಂದ ಗದಗಕ್ಕ ವಾಪಸ್. ವೀರನಾರಾಯಣ ಗುಡಿಯೊಳಗ ಕುಮಾರವ್ಯಾಸ ಕುಂತು ಭಾರತ ಬರದಾನ ಅಂತ ಹೇಳೂ ಕಂಬ ಐತಿ, ಅದನ್ನ ನೋಡಿಕೊಂಡು ತ್ರಿಕೂಟೇಶ್ವರಕ್ಕ ಬರ್ರಿ. ಒಂದ ಪೀಠದ ಮ್ಯಾಲೆ ಮೂರು ಲಿಂಗ, ಬ್ರಹ್ಮ ವಿಷ್ಣು ಮಹೇಶ್ವರ. ಶಿವರಾತ್ರಿ ರಾತ್ರಿ ಇಲ್ಲಿ ಪಾಳಿ ಕರಗೂದಿಲ್ಲ, ಕರಗ್ಲಿ ಅಂತ ಕಾಯಬ್ಯಾಡ್ರಿ, ಅದ ಆವಾರದಾಗಿನ ಸರಸ್ವತಿ ಗುಡಿ ಕಡೆ ಹೊಳ್ರಿ. ಅಲ್ಲಿ ಕಂಬ ಒಂದಕ್ಕಿಂತ ಒಂದು ಚೆಂದ, ಮೊಬೈಲ್ ಟಾರ್ಚ್ ಅಡ್ಡ ಹಿಡದ್ರ ಹಗಲಿನ್ಯಾಗ ಕಾಣದ ಗೆರಿನೂ ಎದ್ದು ಕಾಣ್ತಾವ.

ಹುಬ್ಬಳ್ಳಿ ಕಡೆ ಕಡೀ ಬಸ್ ಎಷ್ಟೊತ್ತಿಗೆ ಅಂತ ಮುಂಜಾನೆ ಗದಗ ಸ್ಟ್ಯಾಂಡಿನ್ಯಾಗ ಕೇಳಿಟ್ಟುಕೊಳ್ರಿ. ಉಪವಾಸ ಇದ್ದೋರು ಸ್ಟ್ಯಾಂಡ್ ಮುಂದಿನ ಮಿರ್ಚಿ ಗಾಡಿ ಕಡೆ ಮಾರಿ ಹೊಳ್ಳಸಬ್ಯಾಡ್ರಿ, ಆ ವಾಸನಿಗೆ ನಮ್ಮಣ್ಣಂದು ಎರಡು ಶಿವರಾತ್ರಿ ಕೆಟ್ಟೇತಿ.