ಎಕ್ಸ್-ರೇ ಕೋಣೆ ಬಾಗಿಲಲ್ಲಿ ಸರ್ವೆ ಮೀಟರ್ ಅಂಕಿ ನಿಲ್ಲದಿದ್ದರೆ

ಮಂಡ್ಯದ ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್-ರೇ ಕೋಣೆಯ ಬಾಗಿಲ ಸಂದಿಗೆ, ಹೊರಗೆ ಸೋರುವ ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದರೆ ಪ್ರತಿ ಸಲ ಬೇರೆ ಅಂಕಿ ಬರುತ್ತಿತ್ತು. ಬ್ಯಾಟರಿ ಬದಲಿಸಿದರೂ, ಕ್ಯಾಲಿಬ್ರೇಷನ್‌ಗೆ ಕಳಿಸಿ ತರಿಸಿದರೂ ಅದೇ ಕತೆ. ಕಾರಣ ಸರ್ಟಿಫಿಕೇಟಿನಲ್ಲೇ ಇತ್ತು: ಕ್ಯಾಲಿಬ್ರೇಷನ್ ಆಗಿದ್ದು ಸೀಸಿಯಂ-137 ಎಂಬ ವಿಕಿರಣ ಮೂಲದಲ್ಲಿ, 662 ಕೆಇವಿ (ಕಿರಣದ ಶಕ್ತಿಯ ಅಳತೆ), ಒಂದೇ ಸಮನೆ ಬೀಳುವ ಕಿರಣಕ್ಕೆ. ನಮ್ಮದು 0.1 ಸೆಕೆಂಡಿನ ಹೊಡೆತ. ಚದುರಿದ ಕಿರಣ 100 ಕೆಇವಿಗೂ ಕಡಿಮೆ. ಸಾಮಾನ್ಯ ಮೀಟರಿನ ಜಿಎಂ ಟ್ಯೂಬ್ (ಕಿರಣವನ್ನು ಒಂದೊಂದಾಗಿ ಎಣಿಸುವ ಗೈಗರ್-ಮುಲ್ಲರ್ ನಳಿಕೆ) ಇಲ್ಲಿ ನಂಬಿಕೆಗೆ ಬರುವುದಿಲ್ಲ.

ಕಿರಣದಿಂದ ಗಾಳಿಯಲ್ಲಿ ಹುಟ್ಟುವ ವಿದ್ಯುದಾವೇಶ ಅಳೆಯುವ ಅಯಾನ್ ಚೇಂಬರ್ ಮೀಟರ್ ತಂದ ಮೇಲೆ ಸರಿಹೋಯಿತು. ಮೊದಲು ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಮೋಡ್ ಒಟ್ಟು ಮೊತ್ತ ಕೂಡಿಸುವ 'ಇಂಟಿಗ್ರೇಟ್'ಗೆ ಹಾಕಿ ಸೊನ್ನೆ ಮಾಡಿ. ಗಂಟೆಗೆ ಎಷ್ಟು ಎಂದು ತೋರಿಸುವ 'ರೇಟ್'ನಲ್ಲಿ ಇಡಲೇಬೇಡಿ, ಮುಳ್ಳು ಏಳುವಷ್ಟರಲ್ಲಿ ಎಕ್ಸ್‌ಪೋಷರ್ ಮುಗಿದಿರುತ್ತದೆ. ರೋಗಿಯ ದೇಹದಂತೆ ಕಿರಣ ಚದುರಿಸಲು ಟೇಬಲ್ ಮೇಲೆ ನೀರು ತುಂಬಿದ ಕ್ಯಾನ್ ಇಟ್ಟು, 100 ಕೆವಿ, 100 ಎಂಎಎಸ್ (ಮಿಲಿಆಂಪಿಯರ್ × ಸೆಕೆಂಡು) ಎಕ್ಸ್‌ಪೋಷರ್ ಕೊಡಿ. ಬಂದ ಅಂಕಿಯನ್ನು ಸರ್ಟಿಫಿಕೇಟಿನಲ್ಲಿ ಮೀಟರಿನ ಆ ರೇಂಜಿಗೆ ಕೊಟ್ಟ ತಿದ್ದುಪಡಿ ಫ್ಯಾಕ್ಟರಿನಿಂದ ಗುಣಿಸಿ, ಹೊಡೆದ 100 ಎಂಎಎಸ್‌ನಿಂದ ಭಾಗಿಸಿ, ವಾರದ ಒಟ್ಟು ಎಂಎಎಸ್‌ನಿಂದ ಗುಣಿಸಿದರೆ ಆ ಜಾಗದ ವಾರದ ಡೋಸ್ ಸಿಗುತ್ತದೆ.