ಮನೆ ಸ್ಟುಡಿಯೊಗೆ ಮೊದಲ ಸಾಮಾನು: 12×10 ಅಡಿ ಕೋಣೆಗೆ ನಾನು ಆರಿಸಿದ್ದು

ಕೋಣೆ ಇರುವುದು ಮಂಗಳೂರಿನಲ್ಲಿ. ಉದ್ದ 12 ಅಡಿ, ಅಗಲ 10, ಎತ್ತರವೂ 10. ಆರ್‌ಸಿಸಿ ಛಾವಣಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಇಲ್ಲಿ ಮುದ್ರಿಸಬೇಕಿದ್ದದ್ದು ಕರ್ನಾಟಕ ಸಂಗೀತದ ಹಾಡುಗಾರಿಕೆ, ಜೊತೆಗೆ ಪಿಟೀಲು ಮತ್ತು ಮೃದಂಗ. ಆಗೀಗ ಕಥೆ ಓದುವ ಧ್ವನಿ. ಯಾವ ಕೆಲಸ, ಎಷ್ಟು ಜನ ಒಟ್ಟಿಗೆ ಕೂರುತ್ತಾರೆ ಎಂಬುದು ನಿಕ್ಕಿಯಾಗದೆ ಅಂಗಡಿಗೆ ಹೋದರೆ ಅವರು ಕೊಟ್ಟದ್ದೇ ಸಾಮಾನು. ಇದ್ದ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಕೋಣೆಗೇ ಎತ್ತಿಟ್ಟೆ. ಮೈಕ್, ಇಂಟರ್‌ಫೇಸ್ (ಮೈಕ್‌ನ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ), ಹೆಡ್‌ಫೋನ್ ಆಮೇಲೆ. ಸ್ಪೀಕರ್ ಎಲ್ಲಕ್ಕಿಂತ ಕೊನೆಗೆ.

ಕೋಣೆಗೆ ಅಷ್ಟು ದುಡ್ಡು ಯಾಕೆಂದರೆ, ಎದುರುಬದುರು ಗೋಡೆಗಳ ನಡುವೆ ಕೆಲವು ಕಂಪನಾಂಕಗಳು ನಿಂತುಬಿಡುತ್ತವೆ. ಲೆಕ್ಕ ಸುಲಭ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, ಅದರ ಎರಡರಷ್ಟು 94. 10 ಅಡಿಗೆ 56 ಮತ್ತು 112. ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ ಇವು ಒಂದರ ಮೇಲೊಂದು ಕೂರುತ್ತವೆ. ಗಂಡುದನಿ ಬಿಳಿ ಒಂದರಲ್ಲಿ ಹಾಡಿದರೆ ಷಡ್ಜ 131 ಹರ್ಟ್ಸ್, ಮಂದ್ರ ಪಂಚಮ 98. ಅಂದರೆ 94ರ ಪಕ್ಕದಲ್ಲೇ. ಕೋಣೆಯ ನಟ್ಟನಡುವೆ ಮೈಕ್ ಇಟ್ಟು ಹಾಡಿಸಿದರೆ ಮಂದ್ರ ಪಂಚಮ ಮಾತ್ರ ಕೊಡದೊಳಗಿಂದ ಬಂದ ಹಾಗೆ ಗುಂಯ್ ಎನ್ನುತ್ತದೆ, ಪಕ್ಕದ ಸ್ವರಗಳು ಸಪ್ಪೆ. ಈಕ್ಯೂನಲ್ಲಿ, ಅಂದರೆ ಬೇಕಾದ ಕಂಪನಾಂಕವನ್ನಷ್ಟೇ ಏರಿಳಿಸುವ ಸಾಧನದಲ್ಲಿ, 94 ಇಳಿಸಿದರೆ ಪಂಚಮದ ಸತ್ವವೂ ಹೋಗುತ್ತದೆ. ಖರ್ಚಿಲ್ಲದ ಉಪಾಯ ಮೈಕ್‌ನ ಜಾಗ ಬದಲಿಸುವುದು. ಉದ್ದದ ಕಾಲು ಭಾಗದಲ್ಲಿ, ಅಂದರೆ 10 ಅಡಿಯ ಗೋಡೆಯಿಂದ 3 ಅಡಿ ದೂರದಲ್ಲಿ, 94 ಹರ್ಟ್ಸ್‌ನ ಒತ್ತಡ ಅತಿ ಕಡಿಮೆ. ನನ್ನ ಮೈಕ್ ಸ್ಟ್ಯಾಂಡಿಗೆ ನೆಲದಲ್ಲಿ ಟೇಪ್ ಅಂಟಿಸಿರುವುದು ಅಲ್ಲೇ.

ಉಳಿದ ಮಾರ್ದನಿಗೆ ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ತೆಗೆದ ಎಳೆಗಳ ಹಲಗೆ. ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ, 1 ಮೀಟರ್ × 60 ಸೆಂಟಿಮೀಟರ್ ಹಲಗೆಗಳನ್ನು ಎರಡೆರಡು ಜೋಡಿಸಿ 100 ಮಿಲಿಮೀಟರ್ ಮಾಡಿ, 4 ಇಂಚು ಅಗಲದ ಮರದ ಪಟ್ಟಿಯ ಚೌಕಟ್ಟಿನಲ್ಲಿ ಕೂರಿಸಿದೆ. ಗೋಡೆಗೂ ಚೌಕಟ್ಟಿಗೂ ನಡುವೆ 4 ಇಂಚು ಖಾಲಿ ಬಿಡಬೇಕು. ಆ ಖಾಲಿಯಿಂದ ತಗ್ಗು ದನಿಗೂ ಪುಕ್ಕಟೆ ಲಾಭ. ಮೇಲೆ ಹೊದಿಸುವ ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಸರಾಗವಾಗಿ ಆಚೆ ಹೋಗಬೇಕು. ರೆಕ್ಸಿನ್ ಹೊದಿಸಿದರೆ ಎತ್ತರದ ದನಿಯೆಲ್ಲ ವಾಪಸ್. ಎಳೆಗಳು ಉದುರದಂತೆ ಒಳಗೊಂದು ತೆಳು ನಾನ್‌ವೋವನ್ ಬಟ್ಟೆ ಸುತ್ತಿ. ಕತ್ತರಿಸುವಾಗ ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಮೈಯೆಲ್ಲ ತುರಿಕೆ.

ಈ ಚೌಕಟ್ಟುಗಳನ್ನು, ಅಂದರೆ ಪ್ಯಾನೆಲ್‌ಗಳನ್ನು, ಎಲ್ಲಿಡಬೇಕು ಎಂಬಲ್ಲಿ ಹಲವರು ತಿರುಗುಮುರುಗು ಮಾಡುತ್ತಾರೆ. ಕಾರ್ಡಿಯಾಯ್ಡ್ ಮೈಕ್ ಮುಂದಿನಿಂದ ಬರುವುದನ್ನು ಹಿಡಿಯುತ್ತದೆ, ಬೆನ್ನಿನಿಂದ ಬರುವುದನ್ನು ಬಿಡುತ್ತದೆ. ಹಾಗಾಗಿ ಅದಕ್ಕೆ ಕೇಳುವುದು ಹಾಡುವವರ ಬೆನ್ನ ಹಿಂದಿನ ಗೋಡೆ. ಮೊದಲ ಎರಡು ಪ್ಯಾನೆಲ್ ಅಲ್ಲಿಗೆ, ಆಮೇಲೆ ಎಡಬಲ, ಆಮೇಲೆ ಮೂಲೆ. ಮೈಕ್‌ನ ಬೆನ್ನು ಕಿಟಕಿಯ ಕಡೆಗಿರಲಿ, ರಸ್ತೆಯ ಸದ್ದು ಅಲ್ಲಿಂದ ತಾನೇ ಬರುವುದು. ಮೊಟ್ಟೆ ಟ್ರೇ, ಒಂದಿಂಚಿನ ಸ್ಪಂಜು ಅಂಟಿಸಿದರೆ ಚಪ್ಪಾಳೆಯ ಕಿಣಿಕಿಣಿ ಹೋಗುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಧ್ವನಿ ಮಂಕಾಗಿ, ಜೊತೆಗೆ ದಪ್ಪವಾಗಿ ಕೇಳುತ್ತದೆ. ಹೊರಗಿನ ಸದ್ದನ್ನು ಇವು ಯಾವುವೂ ತಡೆಯುವುದಿಲ್ಲ, ರಾಕ್‌ವೂಲೂ ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆರೇಸಿನ ತಗಡು ಶೀಟಿನ ಮೇಲೆ ಮಳೆ ಬಡಿಯುವಾಗ ಸುಮ್ಮನೆ ಎಡಿಟಿಂಗ್ ಮಾಡುವುದೇ ಸರಿ.

ಇನ್ನು ಮೈಕ್. ಮುಖ್ಯವಾಗಿ ಎರಡು ಬಗೆ: ತೆಳು ಪೊರೆಯ ಸೂಕ್ಷ್ಮ ಕಂಡೆನ್ಸರ್, ತಂತಿ ಸುರುಳಿಯ ಗಟ್ಟಿಮುಟ್ಟಾದ ಡೈನಮಿಕ್. ಕಂಡೆನ್ಸರ್ ಕೋಣೆಯ ಸದ್ದೆಲ್ಲ ಹಿಡಿಯುತ್ತದೆ, ಡೈನಮಿಕ್ ಹಿಡಿಯುವುದಿಲ್ಲ ಎನ್ನುವ ಮಾತು ಅರ್ಧ ಸತ್ಯ. ಒಂದೇ ಪ್ಯಾಟರ್ನಿನ (ಯಾವ ದಿಕ್ಕಿನ ಸದ್ದು ಹಿಡಿಯುತ್ತದೆ ಎಂಬ ಬಗೆ) ಎರಡು ಮೈಕ್‌ಗಳನ್ನು ಒಂದೇ ದೂರದಲ್ಲಿಟ್ಟು, ಮಟ್ಟ ಸಮ ಮಾಡಿ ಕೇಳಿದರೆ ಕೋಣೆಯ ಪಾಲು ಹೆಚ್ಚುಕಡಿಮೆ ಒಂದೇ. ಡೈನಮಿಕ್ ಅನ್ನು ತುಟಿಗೆ ತಾಗಿಸಿ ಬಳಸುವುದರಿಂದ ಕೋಣೆ ಮರೆಯಾಗುತ್ತದೆ, ಅಷ್ಟೇ. ಸಂಗೀತದಲ್ಲಿ ಹಾಡುವವರು ತಲೆ ಅಲ್ಲಾಡಿಸುತ್ತಾರೆ, ಕೈಯಲ್ಲಿ ತಾಳ ಹಾಕುತ್ತಾರೆ. ತುಟಿಗೆ ಮೈಕ್ ಆಗದ ಮಾತು. ಒಂದು ಗೇಣು ದೂರದಿಂದ ಹಿಡಿಯಬಲ್ಲ ಕಂಡೆನ್ಸರ್ ಬೇಕಿತ್ತು, ಆಡಿಯೊ ಟೆಕ್ನಿಕಾ ಎಟಿ2020 ತೆಗೆದುಕೊಂಡೆ. ಅದರ ಸ್ವಂತ ಗದ್ದಲ 20 ಡಿಬಿ. ರೋಡ್ ಎನ್‌ಟಿ1-ಎ ಆದರೆ 5 ಡಿಬಿ. ಕಾಗದದ ಮೇಲೆ ಅಜಗಜಾಂತರ. ಆದರೆ ರಾತ್ರಿ ಫ್ಯಾನ್ ನಿಲ್ಲಿಸಿದರೂ ಜೀರುಂಡೆ, ಕಪ್ಪೆಗಳ ಸದ್ದು ಆ 20ನ್ನು ಮುಚ್ಚಿಹಾಕುವ ಊರಿನಲ್ಲಿ ಆ ಅಂತರಕ್ಕೆ ದುಡ್ಡು ತೆರುವುದರಲ್ಲಿ ಅರ್ಥ ಕಾಣಲಿಲ್ಲ.

ಮೃದಂಗಕ್ಕೆ ಶೂರ್ ಎಸ್‌ಎಂ57 ಡೈನಮಿಕ್ ಮೈಕ್ ಎರಡು, ಎಡ ಮತ್ತು ಬಲ ಮುಚ್ಚಿಗೆಗೆ ಒಂದೊಂದು, ಸುಮಾರು 8–10 ಇಂಚು ದೂರ. ಎರಡನ್ನೂ ಕೂಡಿಸಿದಾಗ ಎಡದ ಗುಂಕಿ ಟೊಳ್ಳಾಗಿ ಕೇಳಿದರೆ ಒಂದು ಚಾನೆಲ್‌ನ ಪೊಲಾರಿಟಿ (ಅಲೆಯ ಏರು-ಇಳಿತ) ತಿರುಗಿಸಿ ನೋಡಿ, ಯಾವುದರಲ್ಲಿ ದನಿ ತುಂಬಿ ಬರುತ್ತದೋ ಅದನ್ನೇ ಉಳಿಸಿ. ಮನೆಯಲ್ಲೇ ಬೆಸುಗೆ ಹಾಕಿದ ಕೇಬಲ್ ಆಗಿದ್ದರೆ ಮೊದಲು ಅದನ್ನು ಪರೀಕ್ಷಿಸಿ: ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್ನಿನ ಮೈಕ್ ಕನೆಕ್ಟರ್) 1ನೇ ಪಿನ್ ಶೀಲ್ಡ್, 2 ಹಾಟ್, 3 ಕೋಲ್ಡ್. ಒಂದು ತುದಿಯಲ್ಲಿ 2 ಮತ್ತು 3 ಅದಲುಬದಲಾದರೆ ಒಂಟಿ ಮೈಕ್‌ನಲ್ಲಿ ಗೊತ್ತೇ ಆಗುವುದಿಲ್ಲ, ಎರಡು ಮೈಕ್ ಸೇರಿದಾಗ ಕಾಟ ಶುರು.

ಕಥೆ ಓದುವವರ ಧ್ವನಿಗೆ ಮೈಕ್ ಪರೀಕ್ಷಿಸಲು ‘ಹಲೋ ಹಲೋ’ ಸಾಲದು. ‘ಭೂಪನ ಫಲಕ, ಶಾಸ್ತ್ರಿಗಳ ಸಂಶಯ, ಚಚ್ಚೌಕ’ ಎಂದು ಓದಿಸುತ್ತೇನೆ. ಭ, ಫ ಬಂದಾಗ ಧಡ್ ಎಂದರೆ ಪಾಪ್ ಫಿಲ್ಟರ್ ಅನ್ನು ಮೈಕ್‌ನಿಂದ ನಾಲ್ಕು ಬೆರಳು ದೂರಕ್ಕೆ ಸರಿಸಬೇಕು. ಸ, ಶ, ಚ ಚುಚ್ಚಿದರೆ ಮೈಕ್ ಅನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಬೇಕು.

ಇಂಟರ್‌ಫೇಸ್ ಕೊಳ್ಳುವಾಗ ಹೆಸರಿನಲ್ಲಿರುವ ಅಂಕಿ ನಂಬಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4 ಎಂದರೆ ನಾಲ್ಕು ಇನ್‌ಪುಟ್ ನಿಜ, ಮೈಕ್ ಪ್ರಿಯಾಂಪ್ (ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಎರಡೇ. ಉಳಿದೆರಡು ಲೈನ್ ಇನ್‌ಪುಟ್, ಮೈಕ್‌ಗೆ ಆಗದು. ಹಾಡು, ಪಿಟೀಲು, ಮೃದಂಗಕ್ಕೆ ಎರಡು ಎಂದರೆ ನಾಲ್ಕು ಪ್ರಿಯಾಂಪ್ ಬೇಕೇ ಬೇಕು. ಒಬ್ಬೊಬ್ಬರನ್ನೇ ಬೇರೆ ಬೇರೆ ಮುದ್ರಿಸಿ ಕೂಡಿಸಬಹುದಲ್ಲ ಎಂದರೆ, ಭಾವಗೀತೆಗೆ ಸರಿ. ಆಲಾಪನೆಯಲ್ಲಿ ಪಿಟೀಲು ಹಿಂಬಾಲಿಸಬೇಕು, ಸ್ವರಪ್ರಸ್ತಾರದಲ್ಲಿ ಮೃದಂಗ ಎದುರುತ್ತರ ಕೊಡಬೇಕು; ಅಲ್ಲಿ ಆ ವಿಧಾನ ಕೆಲಸಕ್ಕೆ ಬಾರದು. ಕೈಗೆಟಕುವ ಬೆಲೆಯಲ್ಲಿ ನಾಲ್ಕು ಪ್ರಿಯಾಂಪ್ ಇದ್ದದ್ದು ಬೆಹ್ರಿಂಗರ್ ಯುಎಂಸಿ404ಎಚ್‌ಡಿ, ಅದನ್ನೇ ಆರಿಸಿದೆ. ಒಬ್ಬರೇ ಹಾಡಿ ಮುದ್ರಿಸಿಕೊಳ್ಳುವವರಿಗೆ ಎರಡು ಪ್ರಿಯಾಂಪ್ ಧಾರಾಳ.

ಗೇನ್, ಅಂದರೆ ಪ್ರಿಯಾಂಪ್ ಎಷ್ಟು ಹಿಗ್ಗಿಸುತ್ತದೆ ಎಂಬುದನ್ನೂ ನೋಡಬೇಕು. ಎಟಿ2020ರ ಸಂವೇದನೆ ಸುಮಾರು 14 ಮಿಲಿವೋಲ್ಟ್, ಡೈನಮಿಕ್ ಆದ ಶೂರ್ ಎಸ್‌ಎಂ58ರದು 1.85. ಹೆಚ್ಚುಕಡಿಮೆ 18 ಡಿಬಿ ಅಂತರ, ಅದನ್ನು ಪ್ರಿಯಾಂಪ್ ತುಂಬಿಕೊಡಬೇಕು. ಪಾಡ್‌ಕಾಸ್ಟ್‌ಗಳಲ್ಲಿ ಕಾಣುವ ಎಸ್‌ಎಂ7ಬಿ ಇನ್ನೂ ಮೆದು. 60 ಡಿಬಿ ಗೇನ್ ಇಲ್ಲದ ಇಂಟರ್‌ಫೇಸಿಗೆ ಅದನ್ನು ಸಿಕ್ಕಿಸಿ ನಾಬ್ ಕೊನೆವರೆಗೆ ತಿರುಗಿಸಿದರೆ ಸುಯ್ ಎನ್ನುವ ಹಿಸ್ ಜೊತೆಗೇ ಬರುತ್ತದೆ.

ಇಂಟರ್‌ಫೇಸಿಗೆ ಕಂಪನಿಯದೇ ಎಎಸ್ಐಒ ಡ್ರೈವರ್ (ವಿಂಡೋಸ್‌ನಲ್ಲಿ ಧ್ವನಿಯ ತಡ ಕಡಿಮೆ ಮಾಡುವ ತಂತ್ರಾಂಶ) ಇರಬೇಕು, ಡೈರೆಕ್ಟ್ ಮಾನಿಟರಿಂಗ್ (ಮೈಕ್‌ನ ಧ್ವನಿ ಕಂಪ್ಯೂಟರನ್ನು ಸುತ್ತದೆ ನೇರ ಹೆಡ್‌ಫೋನಿಗೆ) ಇರಬೇಕು. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಎತ್ತಿಕೊಳ್ಳುವ ಧ್ವನಿಯ ತುಣುಕು) 128 ಸ್ಯಾಂಪಲ್ ಇಟ್ಟರೆ ತಡ ಒಂದು ಕಡೆಗೆ 2.7 ಮಿಲಿಸೆಕೆಂಡ್, ಹೋಗಿ ಬರುವುದು, ಡ್ರೈವರ್ ಎಲ್ಲ ಸೇರಿ ಇದು ಎರಡು ಮೂರರಷ್ಟಾಗುತ್ತದೆ. ಡೈರೆಕ್ಟ್ ಮಾನಿಟರಿಂಗ್‌ನಲ್ಲಿ ಕಂಪ್ಯೂಟರಿನ ಈ ತಡ ಇರುವುದಿಲ್ಲ. ಆದರೆ ಸಾಫ್ಟ್‌ವೇರಿನ ಟ್ರ್ಯಾಕ್ ಮಾನಿಟರ್ ಕೂಡ ತೆರೆದೇ ಇದ್ದರೆ ಒಂದೇ ಧ್ವನಿ ಎರಡಾಗಿ ಕೇಳಿ ಹಾಡುವವರ ಶ್ರುತಿ ಅಲುಗಾಡುತ್ತದೆ. ಎರಡರಲ್ಲಿ ಒಂದನ್ನು ಮುಚ್ಚಿ.

ಹೆಡ್‌ಫೋನ್ ಹಿಂಬದಿ ಮುಚ್ಚಿದ್ದೇ ಆಗಬೇಕು, ಕಾರಣ ತಂಬೂರಿ. ಶ್ರುತಿ ಹೆಡ್‌ಫೋನಿನಿಂದ ಸೋರಿ ಮೈಕ್‌ಗೆ ಸೇರಿದರೆ, ಆಮೇಲೆ ಒಂದು ಸಂಗತಿ ಕತ್ತರಿಸಿ ಇನ್ನೊಂದು ಟೇಕ್‌ನಿಂದ ಜೋಡಿಸಿದ ಜಾಗದಲ್ಲಿ ತಂಬೂರಿಯ ಮೀಟು ತುಂಡಾದದ್ದು ಎಲ್ಲರಿಗೂ ಕೇಳುತ್ತದೆ. ಸೋನಿ ಎಂಡಿಆರ್-7506, ಆಡಿಯೊ ಟೆಕ್ನಿಕಾ ಎಂ40ಎಕ್ಸ್, ಎರಡೂ ನಡೆಯುತ್ತವೆ. ಮೂವರಿಗೆ ಹಂಚಲು ನಾಲ್ಕು ಕಿಂಡಿಯ ಚಿಕ್ಕ ಹೆಡ್‌ಫೋನ್ ಆಂಪ್ಲಿಫೈಯರ್ ಸಾಕು.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕಂಡೆನ್ಸರ್ ಇಟ್ಟುಕೊಳ್ಳುವವರು ತೇವದ ಲೆಕ್ಕ ಹಿಡಿಯಲೇಬೇಕು. ಡಯಾಫ್ರಮ್ಮಿಗೂ ಹಿಂದಿನ ತಗಡಿಗೂ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ತೇವ ಕೂತರೆ ವಿದ್ಯುತ್ ಸೋರಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಪಟಪಟ ಸದ್ದು. ಮಳೆಗಾಲದಲ್ಲಿ ಮೈಕ್ ಸ್ಟ್ಯಾಂಡಿನ ಮೇಲೇ ಬಿಟ್ಟರೆ ಇದು ಖಾತ್ರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ಹೈಗ್ರೊಮೀಟರ್, ತೇವಾಂಶ 40–50 ಶೇಕಡಾ. ಜೆಲ್ ಬಣ್ಣ ಬದಲಾದರೆ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಬೇಡ. ಪಟಪಟ ಶುರುವಾದ ಮೈಕ್ ಬಿಚ್ಚಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಒಂದೆರಡು ದಿನ ಆ ಡಬ್ಬಿಯಲ್ಲಿ ಮಲಗಿಸಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಕರೆಂಟಿನ ವಿಚಾರಕ್ಕೆ ಬಂದರೆ, ಮೊದಲು ಅರ್ತಿಂಗ್ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ. ಇಂಟರ್‌ಫೇಸ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲ ಒಂದೇ ಸ್ಪೈಕ್ ಗಾರ್ಡಿಗೆ. ಹಮ್ (ಕರೆಂಟಿನಿಂದ ಬರುವ ಗುಂಯ್ ಸದ್ದು) ಬರುತ್ತದೆಂದು ಮೂರನೇ ಪಿನ್ ಮುರಿಯುವ ಚಾಳಿ ಇದೆ, ಜೀವಕ್ಕೇ ಅಪಾಯ. ಗೇನ್ ಏರಿಸಿ ಒಂದು ನಿಮಿಷ ಮೌನ ಮುದ್ರಿಸಿ, ಲೈಟು, ಫ್ಯಾನ್ ರೆಗ್ಯುಲೇಟರ್, ಚಾರ್ಜರ್ ಒಂದೊಂದಾಗಿ ಆಫ್ ಮಾಡುತ್ತ ಹೋದರೆ ಕಳ್ಳ ಸಿಗುತ್ತಾನೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮುದ್ರಣ ಬೇಡ.

ಸ್ಪೀಕರ್‌ಗೆ 5 ಇಂಚಿನದೇ ಸಾಕು, ಈ ಅಳತೆಯ ಕೋಣೆಯಲ್ಲಿ 8 ಇಂಚು ಇಟ್ಟರೆ ಆ 47, 56 ಹರ್ಟ್ಸ್‌ಗಳು ಇನ್ನಷ್ಟು ಏಳುತ್ತವೆ. ಯಮಹಾ ಎಚ್‌ಎಸ್5 ಜೋಡಿಯನ್ನು 10 ಅಡಿ ಗೋಡೆಗೆ ಬೆನ್ನು ಮಾಡಿ, ಟ್ವೀಟರ್ (ಎತ್ತರದ ದನಿಯ ಚಿಕ್ಕ ಸ್ಪೀಕರ್) ಕಿವಿಯ ಮಟ್ಟಕ್ಕೆ, ಕೂರುವ ಜಾಗ ಆ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ. ಕೋಣೆಯ ನಡುವೆ ಕೂತರೆ 47 ಹರ್ಟ್ಸ್ ಕೇಳಿಸುವುದೇ ಇಲ್ಲ, ಮಿಕ್ಸಿಂಗ್‌ನಲ್ಲಿ ತಗ್ಗುದನಿ ಸುಮ್ಮನೆ ಏರಿಸುತ್ತ ಹೋಗುತ್ತೀರಿ.

ಮುದ್ರಿಸುವ ಸಾಫ್ಟ್‌ವೇರ್ ರೀಪರ್. 24 ಬಿಟ್, 48 ಕಿಲೋಹರ್ಟ್ಸ್, ಗಟ್ಟಿ ತಾರಸ್ಥಾಯಿ ಹಾಡಿಸಿ ಮೀಟರ್ ಮೈನಸ್ 10–12 ಡಿಬಿಯಲ್ಲಿ ನಿಲ್ಲುವಂತೆ ಗೇನ್. ಒಂದು ಮೋನೊ ಟ್ರ್ಯಾಕ್‌ಗೆ ನಿಮಿಷಕ್ಕೆ 8.6 ಎಂಬಿ, ನಾಲ್ಕು ಟ್ರ್ಯಾಕ್, ಒಂದು ಗಂಟೆ ಎಂದರೆ 2 ಜಿಬಿ ದಾಟುತ್ತದೆ. ಅದಕ್ಕೊಂದು ಹೊರಗಿನ ಎಸ್ಎಸ್‌ಡಿ, ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಕಲಾವಿದರು ಮನೆಯಿಂದ ಹೊರಡುವ ಮೊದಲೇ.